ಸೈಕಾಲ್ ಅವ್ವನ ಕೊನೆಯ ಮಗ

ಶಾಲೆಗೆ ಸೇರುವವರೆಗೂ ಅರ್ಗೆನ್ ತನ್ನ ಅಪ್ಪನನ್ನು ಅಣ್ಣನೆಂದೇ ತಿಳಿದಿದ್ದ. ತಪ್ಪು ಅವನೊಬ್ಬನದೇ ಅಲ್ಲ. ಬೆಟ್ಟನಾಡಾದ ಕೊಚ್ಕೋರ್ ಕಡೆ ಮೊದಲ ಮೊಮ್ಮಗುವನ್ನು ಅಜ್ಜ ಅಜ್ಜಿ ಮಡಿಲಿಗೆ ಹಾಕಿಕೊಂಡು ತಮ್ಮದೇ ಮಗುವಿನಂತೆ ಬೆಳೆಸುವುದುಂಟು. ಹಾಗಾಗಿ ಅರ್ಗೆನ್‌ಗೆ ಅಜ್ಜಿ ಸೈಕಾಲ್ ‘ಅವ್ವ’, ಅಜ್ಜ ‘ಅಪ್ಪ’, ಹೆತ್ತ ಅಪ್ಪ ತುರ್ದಾಕುನ್ ‘ಅಣ್ಣ’, ಹೆತ್ತ ತಾಯಿ ಜಿಪಾರ್ ‘ಅತ್ತಿಗೆ’. ನಿಜ ಏನೆಂಬುದು ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ಈ ಜಾಣನಿಗೆ ಮಾತ್ರ ಗೊತ್ತಿರಲಿಲ್ಲ.

ಒಂದನೇ ತರಗತಿಯಲ್ಲಿ ಒಂದು ದಿನ ಟೀಚರಮ್ಮ, “ನಿಮ್ಮಪ್ಪ ಕರಕೊಂಡು ಹೋಗೋಕೆ ಬಂದಿದಾರೆ ನೋಡು,” ಎಂದರು. ಬಾಗಿಲಾಚೆ ಕುದುರೆ ಹಿಡಿದು ನಿಂತಿದ್ದ ತುರ್ದಾಕುನ್‌ನನ್ನು ನೋಡಿ ಅರ್ಗೆನ್ ಗಟ್ಟಿಯಾಗಿ ಹೇಳಿದ: “ಅವನು ನಮ್ಮಣ್ಣ. ನಮ್ಮಪ್ಪ ಮನೇಲಿದಾರೆ, ಅವರಿಗೆ ಹಲ್ಲಿಲ್ಲ.”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಊರವರು ನಮ್ಮ ಮನೆ ಮೇಲೆ ಸುಳ್ಳು ಹಬ್ಬಿಸಿದ್ದಾರೆಂದು ಅವನು ಅಳುತ್ತ ಬಂದು ದೂರಿದಾಗ, ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲೂ ಇಲ್ಲ.

“ಸುದ್ದಿ ನಿಜ. ಕೈ ತೊಳ್ಕೊಂಡು ಬಾ, ಊಟ ಮಾಡು.”

ಇಂಥ ಚುರುಕು ಬುದ್ಧಿಯವನು ದೊಡ್ಡವನಾಗಿ ರಾಜಧಾನಿ ಬಿಷ್ಕೆಕ್‌ನಲ್ಲಿ ಪ್ಲಾಸ್ಟಿಕ್ ಕಿಟಕಿಗಳಿಗೆ ಅಳತೆ ತೆಗೆಯುವ ಸಂಬಳಗಾರನಾದ. ಎರಡೆರಡು ಸಲ ಅಳೆದರೂ ಅವನ ಕಿಟಕಿ ಗೋಡೆಗೆ ಕೂರುತ್ತಿದ್ದುದು ಅಪರೂಪ. ಆದರೂ ಸೈಕಾಲ್ ಅವ್ವನಿಗೆ ಎಂಬತ್ತೈದು ತುಂಬಿದ ಔತಣದಲ್ಲಿ ಅವಳ ಬಾಳಿನ ಬಗ್ಗೆ ಮಾತಾಡಬೇಕಾದವನು ಅವನೇ ಎಂದು ಮನೆಯವರು ತೀರ್ಮಾನಿಸಿದರು. ಪಟ್ಟಣದಲ್ಲಿ ಇರುವವನಿಗೆ ಮಾತು ಬರುತ್ತದೆ ಎಂಬ ಭ್ರಮೆ.

ಅವನಿಗಿದ್ದ ಹೆದರಿಕೆ ಮಾತಿನದಲ್ಲ. ಅವನಿಗೂ ಹೆಂಡತಿ ಮೀರಿಮ್‌ಗೂ ಆಗಷ್ಟೇ ಮೊದಲ ಮಗು, ಹೆಣ್ಣು. ಪದ್ಧತಿಯಂತೆ ಆ ಕೂಸು ಅದರ ಅಜ್ಜಿಯಾದ ಜಿಪಾರ್ ಅತ್ತಿಗೆಯ ಪಾಲು. ಅವಳು ಆಗಲೇ ಅಟ್ಟದ ತೊಟ್ಟಿಲು ಇಳಿಸಿ, ತೊಳೆದು, ಬಿಸಿಲಿಗಿಟ್ಟಿದ್ದಾಳೆ ಎಂದು ಫೋನಿನಲ್ಲಿ ಸುದ್ದಿ ಬಂದಿತ್ತು. ಹಿರಿಯರು ಕೇಳಿದರೆ ಇಲ್ಲ ಎನ್ನುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

“ನೀನೇ ಮಾತಾಡ್ಬೇಕು,” ಎಂದಳು ಮೀರಿಮ್ ದಾರಿಯಲ್ಲಿ, ಮಗುವನ್ನು ಅವಚಿಕೊಂಡು.

“ಮಾತಾಡ್ತೀನಿ ಬಿಡು.”

“ಹೆಂಗೆ? ಕಿಟಕಿ ಅಳೆದ ಹಂಗಾ?”

ಅಂಗಳದಲ್ಲಿ ಗುಡಾರ ಎದ್ದಿತ್ತು, ಕುರಿ ಬೆಂದಿತ್ತು, ನೆಂಟರಿಷ್ಟರೆಲ್ಲ ಸೇರಿದ್ದರು. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಬಿಳಿ ತಲೆವಸ್ತ್ರದ ಸೈಕಾಲ್ ಅವ್ವ ಕುಳಿತಿದ್ದಳು. ಅರ್ಗೆನ್ ಎದ್ದು ಗಂಟಲು ಸರಿಮಾಡಿಕೊಂಡ.

“ನಮ್ಮವ್ವ ಬಿಳಿ ಕುದುರೆ ಏರಿ ಈ ಮನೆಗೆ ಸೊಸೆಯಾಗಿ ಬಂದಳು...”

“ಕುದುರೆ ಎಲ್ಲಿತ್ತೋ?” ಎಂದಳು ಅವ್ವ. “ಟ್ರಾಕ್ಟರು. ಅದೂ ದಾರೀಲಿ ಕೆಟ್ಟು ನಿಂತಿತ್ತು. ಮದುಮಗಳು ಇಳಿದು ತಳ್ಳಿದೀನಿ.”

ಅಲ್ಲಿಂದಾಚೆಗೆ ಬಾಯಿ ಅರ್ಗೆನ್‌ನದು, ತಿದ್ದುಪಡಿ ಅವ್ವನದು. ಸರ್ಕಾರಿ ಫಾರಮ್ಮಿನ ಕುರಿಗಳ ಹಿಂದೆ ಅವಳು ಬೇಸಿಗೆಯೆಲ್ಲ ಸೋನ್‌ಕೋಲ್ ಸರೋವರದ ದಂಡೆಯಲ್ಲಿ ಕಳೆದಳು. ಏಳು ಮಕ್ಕಳಲ್ಲಿ ಇಬ್ಬರನ್ನು ಅಲ್ಲಿಯೇ, ಗುಡಾರದಲ್ಲಿ ಹೆತ್ತಳು. ಮರಿ ಹಾಕುವ ಕಾಲದಲ್ಲಿ ಹಿಮಗಾಳಿ ಬೀಸಿದರೆ ಕುರಿಮರಿಗಳಿಗೆ ಅವಳ ಹಾಸಿಗೆ. ಮಕ್ಕಳಿಗೆ ಮಿಕ್ಕ ಜಾಗ. ಮರಿಗಳೇಕೆ ಕಡಿಮೆಯಾದವೆಂದು ಜೋರು ಮಾಡಲು ಬಂದ ಫಾರಮ್ಮಿನ ಅಧ್ಯಕ್ಷನಿಗೆ, ಹೆರುತ್ತಿದ್ದ ಕುರಿಯ ಕಾಲು ಕೊಟ್ಟು, “ಹಿಡ್ಕೊ, ಬೈಗುಳ ಆಮೇಲೆ,” ಎಂದಿದ್ದಳು. ಮರಿ ಅವನ ಹೊಸ ಕೋಟಿನ ಮೇಲೆಯೇ ಹುಟ್ಟಿತು. ಆಮೇಲೆ ಅವನು ಬೈಯಲು ಬರಲಿಲ್ಲ, ಹಬ್ಬಕ್ಕೆ ಬರುತ್ತಿದ್ದ.

ದೇಶಗಳ ಒಕ್ಕೂಟ ಒಡೆದು ಸರ್ಕಾರಿ ಫಾರಮ್ಮು ಮುಚ್ಚಿದಾಗ, ಕೈಯಾರೆ ಹೊಲಿದ ಎರಡು ಉಣ್ಣೆ ಜಮಖಾನೆ ಕೊಟ್ಟು ಬಟ್ಟೆ ಒಗೆಯುವ ಯಂತ್ರ ತಂದಳು. ಕರೆಂಟು ಬಂದ ದಿನ ಅದಕ್ಕೆ ಬಟ್ಟೆ ಹಾಕಲಿಲ್ಲ, ಕೆನೆ ಸುರಿದು ಬೆಣ್ಣೆ ತೆಗೆದಳು. ಮಾರನೆಯ ವಾರ ಬೀದಿಯ ಹೆಂಗಸರೆಲ್ಲ ಕೆನೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ. ಬಟ್ಟೆಗಳು ಮಾತ್ರ ಹೊಳೆಯಲ್ಲೇ ಬೆಳ್ಳಗಾಗುತ್ತಿದ್ದವು. ಇಷ್ಟೆಲ್ಲ ಬಾಯಿ ಇದ್ದವಳು ಗಂಡನ ಹೆಸರನ್ನು ಮಾತ್ರ ಬಾಳಿಡೀ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಅರ್ಗೆನ್‌ನ ಬೆನ್ನಿಗೆ ತಿವಿದು, “ಹೇಳೋ, ಅವರ ಹೆಸರು ಅದೇನೋ,” ಎನ್ನುತ್ತಿದ್ದಳು.

“ಅಜ್ಜ ಹೋದ ಮೇಲೂ ಹೇಳ್ಬಾರದಾ ಅಜ್ಜಿ?” ಎಂದು ಯಾರೋ ಕೆಣಕಿದರು.

“ಹೇಳಿದ್ರೆ ಕರೆದ್ರು ಅಂತ ಎದ್ದು ಬಂದಾರು. ಅವರ ಬಟ್ಟೆ ಯಾರು ಒಗೀತಾರೆ?”

ಗುಡಾರ ನಗೆಯಲ್ಲಿ ತೇಲಾಡಿತು. ಆ ನಗು ಇಳಿಯುವ ಮೊದಲೇ ಜಿಪಾರ್ ಎದ್ದಳು. ಮೀರಿಮ್‌ಳ ತೊಡೆಯಿಂದ ಕೂಸನ್ನು ಎತ್ತಿಕೊಂಡು ಅವ್ವನ ಮುಂದೆ ಮಂಡಿಯೂರಿದಳು.

“ಅತ್ತೆ, ಹರಸಿ. ಈ ಕೂಸನ್ನ ನಾನು ಇಟ್ಕೋತೀನಿ. ಈಗ ನನ್ನ ಸರದಿ.”

ಮೀರಿಮ್‌ಳ ಮುಖ ಬಿಳಿಚಿತು. ಹಿರಿಯರು ಒಬ್ಬೊಬ್ಬರಾಗಿ ಹರಸಲು ಅಂಗೈ ಬಿಡಿಸಿ ಹಿಡಿದರು. ಅವ್ವನೂ ಹಿಡಿದಳು. ಆ ಅಂಗೈಗಳು ತಂತಮ್ಮ ಮುಖ ಸವರಿದರೆ ಹರಸಿದಂತೆ, ಮುಗಿಯಿತು. ಆಮೇಲೆ ಯಾರೂ ತಿರುಗಿಸುವ ಹಾಗಿಲ್ಲ.

ವಾರದಿಂದ ಕನ್ನಡಿಯ ಮುಂದೆ ಉರುಹೊಡೆದ ವಿನಯದ ಮಾತುಗಳಲ್ಲಿ ಒಂದೂ ಅರ್ಗೆನ್‌ನ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆಯೇ.

“ಅವ್ವ, ನೀನು ನನ್ನ ತಗೊಂಡಾಗ ಅತ್ತಿಗೆ ಮನಸಾರೆ ಕೊಟ್ಟಳಾ?”

ಅಗಿಯುತ್ತಿದ್ದವರು ಅಗಿಯುವುದನ್ನು ಬಿಟ್ಟರು. ತುರ್ದಾಕುನ್ ತನ್ನ ಬೂಟುಗಳನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ. ಜಿಪಾರ್ ಕೂಸಿನ ಟೋಪಿಗೆ ಮುಖ ಒತ್ತಿಕೊಂಡಳು. ಅವ್ವನ ಕೈಗಳು ಗಾಳಿಯಲ್ಲೇ ನಿಂತವು. ಅವಳು ಸೊಸೆಯ ಕಡೆ ನೋಡಿ, ಆ ಕೈಗಳನ್ನು ಹಾಗೆಯೇ ತೊಡೆಯ ಮೇಲೆ ಇಳಿಸಿದಳು.

“ಮನಸಾರೆ ಎಲ್ಲಿಂದ ಕೊಡ್ತಾಳೋ? ನಾನು ಕೇಳಲೇ ಇಲ್ಲ, ಎತ್ಕೊಂಡೆ. ಚಳಿಗಾಲ ಪೂರ್ತಿ ಗೋಡೆಯಾಚೆ ಅತ್ತಳು, ನಾನು ರೇಡಿಯೋ ಜೋರು ಮಾಡ್ಕೊಂಡೆ. ಜಿಪಾರ್, ಕೂಸನ್ನ ಅದರವ್ವನ ಕೈಗೆ ಕೊಡು. ನಿಂಗೆ ಅಷ್ಟು ಆಸೆ ಇದ್ರೆ ಇವನನ್ನೇ ವಾಪಸ್ ತಗೊ, ನಿನ್ನ ಮಗನೇ ತಾನೇ. ತಿನ್ನೋದು ಸ್ವಲ್ಪ ಜಾಸ್ತಿ, ನೋಡ್ಕೊ.”