ಸೈಲೆನ್ಸರ್ ಬೋಲ್ಟಿಗೆ ಸುತಳಿ

ಗೆಳೆಯರೇ, ಕಾರಿನ ಇಂಜಿನ್ನಿಗೆ ಸೈಲೆನ್ಸರ್ ಪೈಪನ್ನು ಹಿಡಿದಿಡುವ ಬೋಲ್ಟುಗಳು ಮೂರನೇ ಸಲ ಸಡಿಲಾಗಿದ್ದವು. ಇವತ್ತು ಮಿರಜಿನ ಅಂಗಡಿಯಲ್ಲಿ ಶಾಖಕ್ಕೂ ಕುಲುಕಾಟಕ್ಕೂ ಜಗ್ಗದ ಲಾಕಿಂಗ್ ಬೋಲ್ಟು ಆರಿಸಿದೆ. ಜೊತೆಗಿದ್ದ ನಮ್ಮ ಕಾಕಾ ಕೃಷ್ಣಾ ಹೊಳೆಯ ದಂಡೆಯ ಮ್ಹೈಸಾಳದ ನೀರಿನ ಪಂಪುಗಳನ್ನು ರಿಪೇರಿ ಮಾಡಿಯೇ ಹಣ್ಣಾದವರು. ಅವರು ನನ್ನ ಕೈಯಿಂದ ಬೋಲ್ಟು ಕಸಿದು ಅಂಗಡಿಯವನಿಗೆ ವಾಪಸ್ ಕೊಟ್ಟರು.

"ಇದೆಲ್ಲಾ ಅಂಗಡಿಯವರ ಆಟ. ಸಾದಾ ಬೋಲ್ಟ ತಗೋ, ಪೇಂಟ್ ಹಚ್ಚಿದ ಸುತಳಿ ಸುತ್ತು. ಜಲ್ಮಭರ ಅಲುಗಾಡಂಗಿಲ್ಲ."

ಹಿರಿಯರ ಮಾತು ಮೀರಲಿಲ್ಲ. ಕಾಕಾ ತಾವೇ ಸೆಣಬಿನ ಸುತಳಿ ಸುತ್ತಿ ಬೋಲ್ಟು ಬಿಗಿದರು. ಊರ ಹತ್ತಿರ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ತೆರೆದು ನೋಡಿದರೆ ಸುತಳಿ ಬೂದಿಯಾಗಿತ್ತು.

"ಕಾಕಾ, ಸುಟ್ಟು ಹೋತಲ್ರಿ."

ಕಾಕಾ ಬಗ್ಗಿ ನೋಡಿದರು. "ವಿಚಿತ್ರ ಐತಿ. ಹೊಳ್ಯಾಗಿನ ಪೈಪಿಗೆ ಸುತ್ತಿ ಇಪ್ಪತ್ತ ವರ್ಷ ಆತು, ಒಂದ ದಿನಾನೂ ಸುಟ್ಟಿಲ್ಲ."

ಕಾರನ್ನು ಕೃಷ್ಣೆಯೊಳಗೆ ಓಡಿಸದೆ ರಸ್ತೆಯ ಮೇಲೆ ಓಡಿಸಿದ್ದು ನನ್ನದೇ ತಪ್ಪು.