ಕರುವಿನ ಪಾಲು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಗಿಣ್ಣಿನ ಮೇಲೆ ಹುಣಸೆಬೀಜದಷ್ಟು ದಪ್ಪದ ಒಂದು ಗಂಟಿತ್ತು. ಹೆಬ್ಬೆರಳು ಮಡಚಿ ಹಾಲು ಕರೆದು ಕರೆದು ಬಂದ ಗಂಟು. ಮುಟ್ಟಿದರೆ ಕಲ್ಲಿನ ಹಾಗೆ. ಆ ಕೈ ಎಷ್ಟು ಕೊಡ ಹಾಲು ಕರೆದಿತ್ತೋ ದೇವರಿಗೇ ಗೊತ್ತು. ಆದರೆ ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಬಾಯಿಗೆ ಒಂದು ತೊಟ್ಟು ಹಾಲು ಹೋದದ್ದನ್ನು ನಾನು ನೋಡಲಿಲ್ಲ. ಮೊಸರು, ಮಜ್ಜಿಗೆ, ತುಪ್ಪ ಯಾವುದೂ ಇಲ್ಲ. ಮಾಂಸವಂತೂ ಇಲ್ಲವೇ ಇಲ್ಲ.

ನಮ್ಮದು ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ಹಳ್ಳಿ. ಹೊಲ, ಬಾವಿ, ದನ ಇದ್ದ ಮನೆ. ಹಬ್ಬ ಬಂದರೆ, ನೆಂಟರು ಬಂದರೆ ಮಾಂಸದ ಅಡಿಗೆ ಆಗಲೇಬೇಕು. ಅದನ್ನು ಮಾಡುತ್ತಿದ್ದವರೂ ಅತ್ತೆಯೇ. ಮಸಾಲೆ ಅರೆದು, ಪಾತ್ರೆಯ ಮುಚ್ಚಳ ಸರಿಸಿ, ಆವಿಗೆ ಮೂಗು ಹಿಡಿದು ಹದ ಹೇಳುತ್ತಿದ್ದರು. ಉಪ್ಪು ನೋಡುವುದಕ್ಕೆ ಮಾತ್ರ ನನ್ನನ್ನು ಕರೆಯುತ್ತಿದ್ದರು. ಎಲ್ಲರಿಗೂ ಬಡಿಸಿದ ಮೇಲೆ ತಾವು ಮೂಲೆಯಲ್ಲಿ ಕುಳಿತು ಮುದ್ದೆಯನ್ನು ಹುರುಳಿಕಾಳಿನ ಸಾರಿನಲ್ಲೋ ಸೊಪ್ಪಿನ ಉಪ್ಪೆಸರಿನಲ್ಲೋ ಅದ್ದಿ ನುಂಗುತ್ತಿದ್ದರು. ಯಾರಿಗೂ ಬೇಡ ಎಂದವರಲ್ಲ. "ತಿನ್ನೋರ ಬಾಯಿಗೆ ಕೈ ಅಡ್ಡ ಇಡಬಾರದು" ಎನ್ನುತ್ತಿದ್ದರು.

ಮಾವ ಸುಮ್ಮನಿರುತ್ತಿರಲಿಲ್ಲ. "ಇವಳು ಹೋದ ಜನ್ಮದಲ್ಲಿ ಕರು ಆಗಿದ್ಲು ಕಣಮ್ಮ," ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು.

"ಹೂಂ, ನೀವು ಹೋರಿ ಆಗಿದ್ರಿ. ಅದಕ್ಕೇ ಗೇಯೋದಕ್ಕಿಂತ ಗುಟುರು ಜಾಸ್ತಿ," ಎಂದು ಅತ್ತೆ ತಿರುಗಿಸಿ ಕೊಡುತ್ತಿದ್ದರು.

ಊರ ಶಾಲೆಯ ಮೇಷ್ಟ್ರು ನಮ್ಮ ಮನೆಯಿಂದಲೇ ಹಾಲು ಕೊಳ್ಳುತ್ತಿದ್ದರು. ಮಾಂಸ ಮುಟ್ಟದ ಮನೆತನದವರು. ಒಂದು ದಿನ ಚೊಂಬು ಹಿಡಿದು ನಿಂತು ಅತ್ತೆಯನ್ನು ಹೊಗಳಿದರು. "ಮಾಂಸ ಬಿಟ್ಟಿದ್ದೀರಿ, ಬಹಳ ಒಳ್ಳೇದಮ್ಮ. ಆದ್ರೆ ಹಾಲು ಯಾಕೆ ಬಿಟ್ರಿ? ಅದ್ರಲ್ಲಿ ಹಿಂಸೆ ಎಲ್ಲಿದೆ? ಹಸು ತಾನಾಗೇ ಕೊಡುತ್ತೆ."

ಅತ್ತೆ ಕರೆಯುವುದನ್ನು ನಿಲ್ಲಿಸಲಿಲ್ಲ. "ತಾನಾಗೇ ಕೊಡೋದಾದ್ರೆ ನಾನ್ಯಾಕೆ ಸ್ವಾಮಿ ಹಿಂಗಾಲು ಕಟ್ಟಿದೀನಿ?" ಎಂದರು. ಅತ್ತೆಯ ತವರು ಗೌರಿಬಿದನೂರಿನ ಕಡೆ, ವಿದುರಾಶ್ವತ್ಥದ ಹತ್ತಿರ. ಮನೆಮಾತು ತೆಲುಗು. "ನಮ್ಮ ತೆಲುಗಲ್ಲಿ ಇದಕ್ಕೆ ಪಾಲು ಅಂತಾರೆ. ನಿಮ್ಮ ಕನ್ನಡದಲ್ಲಿ ಪಾಲು ಅಂದ್ರೇನು ಹೇಳಿ? ಯಾರಿಗೆ ಎಷ್ಟು ಸೇರಬೇಕು ಅನ್ನೋದು ತಾನೇ? ಎರಡೂ ಒಂದೇ ಮಾತು ಸ್ವಾಮಿ. ಇದು ಕರುವಿನ ಪಾಲು. ನೀವು ಕುಡೀರಿ, ನಾನು ಬೇಡ ಅನ್ನಲ್ಲ. ಆದ್ರೆ ಯಾರದ್ದು ಅಂತ ಗೊತ್ತಿರಲಿ."

ಮೇಷ್ಟ್ರು ನಕ್ಕು ಚೊಂಬು ತೆಗೆದುಕೊಂಡು ಹೋದರು. ಮರುದಿನವೂ ಬಂದರು. ಅತ್ತೆ ಅವರಿಗೆ ಅಳತೆಯಲ್ಲಿ ಎಂದೂ ಕಡಿಮೆ ಮಾಡಲಿಲ್ಲ. ಎರಡು ಮೊಲೆ ಕರೆದು ಎರಡನ್ನು ಕರುವಿಗೆ ಬಿಡುವುದು ಅವರ ನಿಯಮ. ಅದಕ್ಕಿಂತ ಹೆಚ್ಚು ಕರೆಯಿರಿ ಎಂದು ಮಾವನೂ ಹೇಳುವ ಧೈರ್ಯ ಮಾಡುತ್ತಿರಲಿಲ್ಲ.

ಹಾಲು ಬಿಟ್ಟದ್ದೇಕೆ ಎಂದು ನಾನು ಕೇಳಿದ್ದು ಒಂದೇ ಸಲ, ನನ್ನ ಮೊದಲ ಬಸುರಿನಲ್ಲಿ. ಅತ್ತೆ ನನ್ನ ತಲೆ ಬಾಚುತ್ತಿದ್ದರು. ಹಿಂದಿನಿಂದ ಧ್ವನಿ ಮಾತ್ರ ಕೇಳುತ್ತಿತ್ತು. ಅವರು ಹೇಳಿದ್ದು ಇಷ್ಟು. ಅವರು ಹುಡುಗಿಯಾಗಿದ್ದಾಗ ತವರಿನಲ್ಲಿ ಒಂದು ಹಸುವಿನ ಕರು ಸತ್ತಿತು. ಕರು ಇಲ್ಲದೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ಚರ್ಮ ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿದರು. ಮೇಲೆ ಉಪ್ಪುನೀರು ಚಿಮುಕಿಸಿ ಹಸುವಿನ ಮುಂದೆ ಇಟ್ಟರೆ ಹಸು ಅದನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಬೊಂಬೆ ಬೀಳದ ಹಾಗೆ ಹಿಡಿದುಕೊಳ್ಳುವುದು ಅತ್ತೆಯ ಕೆಲಸ. ದಿನಾ ನೆಕ್ಕಿ ನೆಕ್ಕಿ ಒಂದು ಬೆಳಿಗ್ಗೆ ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡಿತು. ಒಳಗಿನ ಹುಲ್ಲು ಹೊರಗೆ ಬಂತು.

ಬಾಚಣಿಗೆ ನಿಂತಿತು.

"ಹಸು ಆ ಹುಲ್ಲನ್ನ ತಿಂತು ಕಣಮ್ಮ," ಎಂದರು ಅತ್ತೆ. "ಮಗೂನ ನೆಕ್ಕುತ್ತಾ ನೆಕ್ಕುತ್ತಾ, ಅದರ ಹೊಟ್ಟೆಯೊಳಗಿಂದ ಹುಲ್ಲು ಎಳೆದು ತಿಂತು. ಕೆಳಗೆ ನಮ್ಮಮ್ಮ ಕರೀತಾನೇ ಇದ್ಲು. ಅವತ್ತಿಂದ ನನಗೆ ಯಾವುದೂ ಇಳೀಲಿಲ್ಲ."

ನನ್ನ ಹೊಟ್ಟೆಯೊಳಗೆ ಮಗು ಹೊರಳಿತು. ಇನ್ನೇನೂ ಕೇಳಬಾರದು ಅನ್ನಿಸಿತು.

ಗಂಡು ಮಗುವಾಯಿತು. ಹೆರಿಗೆಯಾದ ಸ್ವಲ್ಪ ದಿನಕ್ಕೆ ನನಗೆ ಜ್ವರ ಹಿಡಿದು, ಬಿಟ್ಟಾಗ ಎದೆಹಾಲು ಬತ್ತಿಹೋಗಿತ್ತು. ಊರಲ್ಲಿ ಆಗ ಹಾಲು ಕೊಡುವ ಬಾಣಂತಿ ಇನ್ನೊಬ್ಬಳಿರಲಿಲ್ಲ. ಎತ್ತಿನ ಗಾಡಿಯಲ್ಲಿ ಚಿಂತಾಮಣಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ವಯಸ್ಸಾದವರು, ತೆಲುಗಿನವರು. ಬಾಣಂತಿಗೆ ಮೇಕೆ ಕಾಲಿನ ಸಾರು ಮಾಡಿ ಕೊಡಿ ಎಂದರು. ಮಗುವಿಗೆ ಹಸುವಿನ ಹಾಲು, ನೀರು ಬೆರೆಸಿ, ಕಾಯಿಸಿ. "ಬಿಡ್ಡಕಿ ಪಾಲು ಪಟ್ಟಂಡಿ ಅಮ್ಮಾ, ಮಗುವಿಗೆ ಹಾಲು ಕುಡಿಸಿ, ತಡ ಮಾಡಬೇಡಿ," ಎಂದು ಅತ್ತೆಗೆ ಎರಡೂ ಭಾಷೆಯಲ್ಲಿ ಹೇಳಿದರು. ಪಾಲು ಎಂಬ ಮಾತಿಗೆ ಅತ್ತೆ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಮನೆಯಲ್ಲಿ ಆಗತಾನೇ ಕರು ಹಾಕಿದ ಹಸುವಿತ್ತು. ಮೊದಮೊದಲು ತೊಂದರೆಯಾಗಲಿಲ್ಲ. ಆಮೇಲೆ ಸುತ್ತಲ ಹಳ್ಳಿಗಳಿಗೆ ಕಾಲುಬಾಯಿ ಜ್ವರ ಬಂತು. ದನಗಳು ಜೊಲ್ಲು ಸುರಿಸುತ್ತ, ಕುಂಟುತ್ತ, ಹಾಲು ಬತ್ತಿ ನಿಂತವು. ನಮ್ಮ ಹಸುವಿಗೆ ತಗುಲಲಿಲ್ಲ. ಕರುವಿಗೆ ತಗುಲಿತು. ಒಂದು ಬೆಳಿಗ್ಗೆ ಅದು ಏಳಲಿಲ್ಲ.

ಮಾವ ಚರ್ಮ ಹದ ಮಾಡುವವನಿಗೆ ಹೇಳಿ ಕಳಿಸಿದರು. ಅವನು ಕರುವನ್ನು ಹೊತ್ತುಕೊಂಡು ಹೋಗುವಾಗ, "ಚರ್ಮ ಕೆಡಿಸಬೇಡಪ್ಪ, ಹುಲ್ಲು ತುಂಬಿಸಿ ತಂದುಕೊಡು," ಎಂದರು.

"ಬೇಡ," ಎಂದರು ಅತ್ತೆ.

"ಏನೇ ಬೇಡ? ಮಗು ಕುಡಿಯೋದೇನು?"

"ರಾಗಿ ಹಾಲು ಕೊಡ್ತೀನಿ. ನಿಮ್ಮನ್ನೂ ನಿಮ್ಮಪ್ಪನ್ನೂ ಅದೇ ಬೆಳೆಸಿದ್ದು."

"ಅದು ಹಲ್ಲು ಬರೋ ಮಕ್ಕಳಿಗೆ ಕಣೇ!"

ಅತ್ತೆ ರಾಗಿ ನೆನೆಸಿ, ಒರಳಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿದರು. ಬಟ್ಟೆಯಿಂದ ಇಳಿದದ್ದು ಬಿಳಿಯೂ ಅಲ್ಲ, ಬೂದಿಯೂ ಅಲ್ಲ. ಅದನ್ನು ಸಣ್ಣ ಉರಿಯಲ್ಲಿ ಕಾಯಿಸಿ ಬೆರಳಿನಿಂದ ಮಗುವಿನ ಬಾಯಿಗೆ ಬಿಟ್ಟರು. ಮಗು ಚೀಪಿತು. ಸ್ವಲ್ಪ ಹೊತ್ತಿಗೆ ಕಕ್ಕಿತು. ಮತ್ತೆ ಬಿಟ್ಟರು. ಯಾರೋ ಮೇಕೆಯ ಹಾಲು ತಂದುಕೊಟ್ಟರು, ಭೇದಿಯಾಯಿತು. ನಮ್ಮ ಯಜಮಾನರು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರದಲ್ಲಿದ್ದರು. ಸುದ್ದಿ ಮುಟ್ಟಿ, ಡಬ್ಬದ ಹಾಲಿನ ಪುಡಿ ಹುಡುಕಿಕೊಂಡು ಚಿಕ್ಕಬಳ್ಳಾಪುರಕ್ಕೆ, ಅಲ್ಲಿ ಸಿಗದೆ ಬೆಂಗಳೂರಿಗೆ ಹೋದರು.

ಹಸು ಮಾತ್ರ ಕೊಟ್ಟಿಗೆಯಲ್ಲಿ ಕೂಗುತ್ತಲೇ ಇತ್ತು. ಅತ್ತೆ ಕರೆಯಲು ಕುಳಿತರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕೆಚ್ಚಲು ಬಿಗಿದಿತ್ತು. ಅಷ್ಟು ವರ್ಷ ಕರೆದ ಕೈಗೆ ತಂಬಿಗೆಯ ತಳ ಮುಚ್ಚುವಷ್ಟೂ ಸಿಗಲಿಲ್ಲ. ಮಗು ಒಳಗೆ ಅಳುವುದು, ಹಸು ಹೊರಗೆ ಕೂಗುವುದು. ನಾನು ನಡುವೆ ಮಲಗಿದ್ದೆ. ಅತ್ತೆ ಮಾಡಿಕೊಟ್ಟ ಕಾಲಿನ ಸಾರನ್ನು ಕುಡಿಯುತ್ತಿದ್ದೆ. ನನ್ನ ಎದೆಗೆ ಏನೂ ಬರಲಿಲ್ಲ. ಮಗು ಹೋಗಿಬಿಡುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಂದ ಹೆಂಗಸರು ಮಗುವನ್ನು ನೋಡಿ, ಆಮೇಲೆ ನನ್ನ ಮುಖ ನೋಡದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮಗುವಿನ ಅಳು ಬೆಕ್ಕಿನ ಮರಿಯ ಧ್ವನಿಯಷ್ಟಾಯಿತು. ಅತ್ತೆ ಅದರ ನೆತ್ತಿಯ ಮೇಲೆ ಅಂಗೈ ಇಟ್ಟರು. ಕೈ ಹಾಗೇ ನಿಂತಿತು. ನನಗೆ ಕಂಡಿತು. ಎಳೆನೆತ್ತಿ ಒಳಕ್ಕೆ ಕುಸಿದು ಗುಳಿಬಿದ್ದಿತ್ತು.

ಅತ್ತೆ ಎದ್ದು ಅಂಗಳಕ್ಕೆ ಹೋದರು. "ರೀ," ಎಂದು ಮಾವನನ್ನು ಕರೆದರು. ಅವರ ಧ್ವನಿ ನನಗೆ ಗುರುತೇ ಸಿಗಲಿಲ್ಲ. "ಅವನನ್ನ ಕರೆಸಿ. ಚರ್ಮ ಇನ್ನೂ ಇದ್ರೆ ತರಲಿ."

ಚರ್ಮ ಹದ ಮಾಡುವವನು ಅದನ್ನು ಉಪ್ಪು ಸವರಿ ಒಣಗಿಸಿಟ್ಟಿದ್ದ. ರಾತ್ರಿಯೇ ಹುಲ್ಲು ತುಂಬಿ ಹೊಲಿದು, ಮರುದಿನ ಬೆಳಕು ಹರಿಯುವಾಗ ತಂದ. ನಾನು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಬಾಣಂತಿ ಹೊರಗೆ ಬರಬಾರದು ಎಂದು ಅವತ್ತು ಯಾರೂ ಗದರಲಿಲ್ಲ. ಕಾಲುಗಳು ನೆಟ್ಟಗೆ ಸೆಟೆದ, ಕಣ್ಣಿನ ಜಾಗದಲ್ಲಿ ತೂತಿದ್ದ ಒಂದು ಕರು. ಕಿವಿ ಮಾತ್ರ ಮೊದಲಿನ ಹಾಗೇ ಇತ್ತು.

ಅತ್ತೆ ಅದನ್ನು ಮಗುವಿನ ಹಾಗೆ ತೋಳಲ್ಲಿ ಎತ್ತಿಕೊಂಡು ಹಸುವಿನ ಮುಂದೆ ಕುಳಿತರು. ಮಾವ ತಂಬಿಗೆ ಹಿಡಿದು ಕೆಚ್ಚಲಿನ ಹತ್ತಿರ ಕುಳಿತರು. ಹಸು ಮೂಸಿತು. ಬಹಳ ಹೊತ್ತು ಮೂಸಿತು. ಅದಕ್ಕೆ ಗೊತ್ತಾಗಿಬಿಡುತ್ತದೆ ಎಂದು ನನಗೆ ಹೆದರಿಕೆ. ಗೊತ್ತಾಗುವುದಿಲ್ಲವಲ್ಲ ಎಂದೂ ಒಂದು ಹೆದರಿಕೆ. ಆಮೇಲೆ ನಾಲಿಗೆ ಹೊರಗೆ ಬಂತು. ಬೆನ್ನು ನೆಕ್ಕಿತು, ಕತ್ತು ನೆಕ್ಕಿತು, ಹೊಟ್ಟೆಯ ಕಡೆಗೆ ಇಳಿಯಿತು. ಅತ್ತೆ ತಕ್ಷಣ ಬಲಗೈಯನ್ನು ಹೊಲಿಗೆಯ ಮೇಲೆ ಉದ್ದಕ್ಕೆ ಒತ್ತಿಹಿಡಿದರು. ಹಸು ಆ ಕೈಯನ್ನೇ ನೆಕ್ಕತೊಡಗಿತು. ದನದ ನಾಲಿಗೆ ಅರದ ಹಾಗೆ ಇರುತ್ತದೆ. ಅತ್ತೆ ಕೈ ತೆಗೆಯಲಿಲ್ಲ. "ತಪ್ಪಯಿಂದಿ ತಲ್ಲೀ, ತಪ್ಪಯಿಂದಿ," ತಪ್ಪಾಯಿತು ತಾಯಿ ಎಂದು ತೆಲುಗಿನಲ್ಲಿ ಹೇಳುತ್ತಲೇ ಇದ್ದರು.

ತಂಬಿಗೆಯೊಳಗೆ ಹಾಲು ಬಿದ್ದ ಸದ್ದು ಕೇಳಿತು. ಮಾವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಯಜಮಾನರು ಡಬ್ಬ ಹಿಡಿದು ಬರುವವರೆಗೂ ಬೆಳಿಗ್ಗೆ ಸಂಜೆ ಹೀಗೇ ನಡೆಯಿತು. ಅತ್ತೆಯ ಮುಂಗೈಯ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಬಟ್ಟೆ ಸುತ್ತಿಕೊಳ್ಳಿ ಎಂದೆ. "ಬಟ್ಟೆ ಕಟ್ಟಿದ್ರೆ ಅದಕ್ಕೆ ಗೊತ್ತಾಗುತ್ತೆ ಕಣಮ್ಮ, ಬರೀ ಮೈ ಇದ್ರೆ ಬಿಸಿ ಇರುತ್ತೆ," ಎಂದರು. ಹೊಲಿಗೆ ಕೊನೆಯವರೆಗೂ ಬಿಡಲಿಲ್ಲ. ಮಗುವಿನ ನೆತ್ತಿ ತುಂಬಿತು. ಅಳು ಮೊದಲಿನಷ್ಟು ಜೋರಾಯಿತು. ಡಬ್ಬ ಬಂದ ದಿನವೇ ಅತ್ತೆ ಆ ಕರುವನ್ನು ಹಿತ್ತಿಲ ಹೊಂಗೆಮರದ ಕೆಳಗೆ ತಾವೇ ಗುಂಡಿ ತೋಡಿ ಹೂತರು.

ಆಮೇಲೆ ಪಕ್ಕದ ಮನೆಯವಳೊಬ್ಬಳು ಕುಟುಕಿದಳು. "ಏನಕ್ಕಾ, ಅಷ್ಟು ವರ್ಷದ ವ್ರತ ಮೊಮ್ಮಗ ಬಂದ ತಕ್ಷಣ ಮುರೀತಲ್ಲ?"

"ವ್ರತ ಯಾವಾಗಿತ್ತು ಕಣೇ? ಹೆದರಿಕೆ ಇತ್ತು, ಅಷ್ಟೇ," ಎಂದರು ಅತ್ತೆ. "ಅವಾಗ ಕರೂಗೆ ಹೆದರಿದ್ದೆ. ಇವಾಗ ಮಗೂಗೆ ಹೆದರಿದೆ. ಎರಡು ಹೆದರಿಕೇನೂ ನಿಜ. ಒಂದು ಸುಳ್ಳಾಗಿದ್ರೆ ಸುಖವಾಗಿ ನಿದ್ದೆ ಮಾಡ್ತಿದ್ದೆ."

ಅವರು ಹಾಲು ಕುಡಿಯಲಿಲ್ಲ, ಮಾಂಸ ತಿನ್ನಲಿಲ್ಲ. ಮೊಮ್ಮಗನಿಗೆ ಮಾತ್ರ ತಾವೇ ಲೋಟ ತುಂಬಿ ಕೊಡುತ್ತಿದ್ದರು. "ಕುಡಿಯಪ್ಪ. ಯಾರದ್ದು?" ಎಂದು ಕೇಳುವರು. "ಕರುವಿಂದು" ಎಂದು ಹುಡುಗ ಹೇಳಿದ ಮೇಲೇ ಲೋಟ ಕೈಬಿಡುತ್ತಿದ್ದರು. ಅವನಿಗೆ ಅದೊಂದು ಆಟ.

ಹುಡುಗ ನಾಲ್ಕಕ್ಷರ ಕಲಿತು ಅವರಿಗೆ ಓದಿ ಹೇಳುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಕೊನೆಯ ಬೆಳಿಗ್ಗೆ ಮನೆ ತುಂಬ ನೆಂಟರು. ಹೋಗುವವರ ಬಾಯಿಗೆ ಮನೆಯವರು ಹಾಲು ಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮಾವನ ತಂಗಿ ಬೆಳ್ಳಿ ಬಟ್ಟಲಲ್ಲಿ ಹಸುವಿನ ಹಾಲು ತಂದು ಉದ್ಧರಣೆಯಿಂದ ಬಿಟ್ಟರು. ಅತ್ತೆಯ ಹಲ್ಲು ಕಚ್ಚಿಕೊಂಡಿತ್ತು. ಹಾಲು ಕಟವಾಯಿಂದ ಕತ್ತಿಗೆ ಹರಿಯಿತು. ಮತ್ತೆ ಬಿಟ್ಟರು. ಮತ್ತೆ ಹರಿಯಿತು.

"ಒಳಗೆ ಹೋಗ್ತಿಲ್ಲವಲ್ಲ. ಹಾಲು ಇಳೀದೆ ಹೋದ್ರೆ ಜೀವಕ್ಕೆ ದಾರಿ ಇಲ್ಲ. ಬಾಯಿ ಬಿಡಿಸ್ರೇ," ಎಂದರು ಅವರು. ಯಾರೋ ಗಲ್ಲಕ್ಕೆ ಕೈ ಹಾಕಿದರು. ಅತ್ತೆಯ ಕಣ್ಣು ತೆರೆದಿತ್ತು. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ, ಮಗುವಿನ ನೆತ್ತಿಯ ಮೇಲೆ ಅವರ ಕೈ ನಿಂತಾಗ.

ನಾನು ಒಳಗೆ ಹೋದೆ. ರಾಗಿಹಿಟ್ಟು ನೀರಿನಲ್ಲಿ ಕದಡಿ, ಸೆರಗಿನ ತುದಿಯಲ್ಲಿ ಸೋಸಿ, ಒಲೆಯ ಮೇಲೆ ತುಸು ಕಾಯಿಸಿದೆ. ಅವಸರದಲ್ಲಿ ಅರ್ಧ ಚೆಲ್ಲಿತು. ಉಳಿದದ್ದನ್ನು ಬಟ್ಟಲಿಗೆ ಹಾಕಿ ಮಗನ ಕೈಗೆ ಕೊಟ್ಟೆ.

"ಇದ್ಯಾವ ಹಾಲೇ?" ಎಂದು ಮಾವನ ತಂಗಿ ಬಣ್ಣ ನೋಡಿ ಕೇಳಿದರು.

"ಹಾಲೇ," ಎಂದೆ. ಅಷ್ಟು ಜನರ ನಡುವೆ ಪದ್ಧತಿ ಮುರಿದು ಮಾತಾಡಿದ್ದು ಅದೇ ಮೊದಲು.

ಮಗ ಬಗ್ಗಿ, ಅಜ್ಜಿಯ ಕಿವಿಯ ಹತ್ತಿರ, "ಅಜ್ಜಿ, ಇದು ಕರುವಿಂದಲ್ಲ," ಎಂದ. ಬಾಯಿ ಸಡಿಲವಾಯಿತು. ಅವನು ಬಿಟ್ಟ. ಗಂಟಲು ಒಮ್ಮೆ ಆಡಿತು. ಇನ್ನೊಮ್ಮೆ ಆಡಿತು. ಒಂದು ಕಾಲದಲ್ಲಿ ಅವನಿಗೆ ದಕ್ಕದೆ ಹೋದದ್ದು ಅವರಿಗೆ ದಕ್ಕಿತು.

ಮೈ ತೊಳೆಯುವಾಗ ಬಲಗೈ ನನ್ನ ಪಾಲಿಗೆ ಬಂತು. ಮುಂಗೈಯ ಮೇಲೆ ಕೂದಲು ಬೆಳೆಯದ, ನುಣುಪಾದ ಕಲೆ. ಹೆಬ್ಬೆರಳಿನ ಗಂಟು ಇನ್ನೂ ಗಟ್ಟಿಯಾಗಿಯೇ ಇತ್ತು.

ನಾನು ಈಗಲೂ ಕಾಫಿಗೆ ಹಾಲು ಹಾಕಿಕೊಳ್ಳುತ್ತೇನೆ. ಹಬ್ಬಕ್ಕೆ ಮಾಂಸದ ಅಡಿಗೆ ಮಾಡುತ್ತೇನೆ. ಅತ್ತೆ ಸರಿಯೋ, ಡಾಕ್ಟರು ಸರಿಯೋ ಎಂದು ಯಾರಾದರೂ ವಾದ ತೆಗೆದರೆ ಎದ್ದುಹೋಗುತ್ತೇನೆ. ನನಗೆ ಹಸುವಿನ ಹತ್ತಿರ ಕುಳಿತ ಅತ್ತೆ ಮಾವ ಇಬ್ಬರೂ ಕಾಣಿಸುತ್ತಾರೆ, ನಡುವೆ ಕಣ್ಣಿಲ್ಲದ ಆ ಕರು.

ಅತ್ತೆಯನ್ನು ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡಬೇಕಿತ್ತು. ನೆಂಟರು ಹೊರಟು ನಿಂತು, ಹಾಲು ಎಲ್ಲಿ ಎಂದರು. ಮಾವ ಕೊಟ್ಟಿಗೆಯ ಕಡೆ ನೋಡಿದರು. ಬೆಳಿಗ್ಗೆಯೇ ನಾನು ಕರುವಿನ ಹಗ್ಗ ಬಿಚ್ಚಿದ್ದೆ. ಅದು ಕೆಚ್ಚಲು ಗುದ್ದಿ ಗುದ್ದಿ ನಾಲ್ಕೂ ಮೊಲೆ ಕುಡಿದು, ಬಾಯಿ ತುಂಬ ನೊರೆ ಮಾಡಿಕೊಂಡು ನಿಂತಿತ್ತು.

"ಹೊರಡಿ," ಎಂದರು ಮಾವ. "ಹಾಲು ಆಗಲೇ ಬಿಟ್ಟಾಗಿದೆ."