ಪಿ ಕ್ಯೂ ಆರ್ ತ್ರಿಕೋನ

ನಾನು ಓದಿದ್ದು ಹತ್ತನೇ ತರಗತಿ. ಮುಂಬಯಿ ಪಕ್ಕದ ಠಾಣೆ ಊರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರರ ನಕ್ಷೆಗಳನ್ನು ತೆಳು ಕಾಗದದ ಮೇಲೆ ನಕಲು ತೆಗೆಯುತ್ತಿದ್ದೆ. ಗೆರೆ ಅಂದವಾಗಿರುತ್ತಿತ್ತು, ಅದು ಯಾವ ಯಂತ್ರದ ಗೆರೆಯೆಂದು ನಾನು ಕೇಳಿದವನಲ್ಲ. ನಿವೃತ್ತನಾದ ಮೇಲೆ ಡೊಂಬಿವಲಿಯ ಮನೆಯಲ್ಲಿ ಪಾಠವನ್ನೂ ಹಾಗೆಯೇ ಹೇಳಿದೆ. ಶಾಲೆಯ ಮಕ್ಕಳಿಗೆ ಗಣಿತ, ಡಿಪ್ಲೊಮಾದವರಿಗೆ ಇಂಜಿನಿಯರಿಂಗ್ ಡ್ರಾಯಿಂಗ್. ಗೈಡಿನಲ್ಲಿದ್ದದ್ದನ್ನು ಬೋರ್ಡಿಗೆ ಇಳಿಸುತ್ತಿದ್ದೆ, ಅವರು ಬಾಯಿಪಾಠ ಮಾಡುತ್ತಿದ್ದರು. ಹೆಚ್ಚಿನವರು ಪಾಸಾದರು.

ಹತ್ತಿರದ ದಿವಾ ಸ್ಟೇಷನ್ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ರಾಯಚೂರು ಕಡೆಯವಳು, ನಲವತ್ತು ದಾಟಿತ್ತು. ನವಿ ಮುಂಬಯಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಮೊಣಕಾಲು ಹೋಗಿತ್ತು. ಹತ್ತನೇ ಪಾಸಾದರೆ ಸೈಟಿನ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದು ಕೂಲಿಗಳ ಮೇಸ್ತ್ರಿಯಾದ ಮುಕಾದಮ ಹೇಳಿದ್ದ. ಭಾನುವಾರ ಬೆಳಿಗ್ಗೆ ಮಕ್ಕಳ ನಡುವೆ ಕೂರುತ್ತಿದ್ದಳು. ಅವರಿಗೆ ಅವಳು ‘ಮೌಶಿ’, ಚಿಕ್ಕಮ್ಮ.

ಲಂಬಕೋನ ತ್ರಿಕೋನದ ಪ್ರಮೇಯ ಬರೆಸಿದ ದಿನ ಅವಳ ಮುಖ ಅರಳಿತು.

“ಇದು ನಮ್ ಕೆಲ್ಸದಾಗ ಐತ್ರಿ ಸರ್! ದಾರ ಹಿಡದು ಒಂದ್ ಕಡಿ ಮೂರು ಫೂಟು, ಒಂದ್ ಕಡಿ ನಾಕು. ಅಡ್ಡ ಐದು ಬಂತಂದ್ರ ಮೂಲಿ ಸರಿ ಐತಿ ಅಂತ. ಆದ್ರ ಐದ ಯಾಕ ಬರ್ತೈತ್ರಿ?”

ನನಗೆ ಗೊತ್ತಿರಲಿಲ್ಲ. “ಅದೆಲ್ಲ ಪರೀಕ್ಷೆಗೆ ಬರುದಿಲ್ಲ ಮಾರಾಯ್ತಿ. ಬರೆಸಿದ್ದನ್ನು ಉರು ಹೊಡಿ.”

“ಮೌಶಿ, ಸರ್ ಕೋ ಮತ್ ಪೂಛೋ, ಗೈಡ್ ಮೇ ನಹೀ ಹೈ,” ಎಂದಳು ಒಬ್ಬ ಹುಡುಗಿ, ಗೈಡಿನಲ್ಲಿಲ್ಲದ್ದನ್ನು ಸರ್‌ಗೆ ಕೇಳಬೇಡ ಎಂದು. ಎಲ್ಲರೂ ನಕ್ಕರು. ಮೌಶಿಯೂ ನಕ್ಕು, ಎ ಬಿ ಸಿ ತ್ರಿಕೋನವನ್ನು ಅಕ್ಷರ ಬಿಡದೆ ಉರು ಹೊಡೆದಳು.

ಗಣಿತವೊಂದರಲ್ಲೇ ಫೇಲಾದಳು.

“ಎ ಬಿ ಸಿ ಇರಲೇ ಇಲ್ರಿ ಸರ್. ಪಿ ಕ್ಯೂ ಆರ್ ಅಂತಿತ್ತು. ಬ್ಯಾರೆ ಲೆಕ್ಕ ಅಂತ ಬಿಟ್ ಬಂದೆ. ಇನ್ನೊಮ್ಮೆ ಕೂಡ್ಲೇನ್ರಿ?”

ಹೆಸರು ಬದಲಾದರೂ ತ್ರಿಕೋನ ಅದೇ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ತಪ್ಪು ನನ್ನದು ಎನ್ನಬೇಕಿತ್ತು. ಪಕ್ಕದಲ್ಲಿ ಡಿಪ್ಲೊಮಾದ ಹುಡುಗರು ಕೂತಿದ್ದರು.

“ಬೇಡ. ಗಣಿತ ನಿನ್ನ ತಲೆಗೆ ಹೋಗುದಿಲ್ಲ,” ಎಂದೆ.

ಅವಳು ನಂಬಿದಳು. ಮತ್ತೆ ಬರಲಿಲ್ಲ.

ಮೊನ್ನೆ ಕಲ್ಯಾಣ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಸಿಕ್ಕಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಜೊತೆಯಲ್ಲಿ ದೊಡ್ಡವಳಾದ ಮಗಳು, ಅವಳ ಕೈಯಲ್ಲೂ ಸಿಮೆಂಟು ಹತ್ತಿದ ಚೀಲ.

“ಇವರ ನಮ್ ಸರ್. ಭಾಳ ಛಲೋ ಕಲಿಸ್ತಿದ್ರು,” ಎಂದು ಮಗಳಿಗೆ ಹೇಳಿದಳು. ನನ್ನತ್ತ ತಿರುಗಿ, “ಇಕಿನೂ ಗಣಿತದಾಗ ಹೋದ್ಲ್ರಿ. ಸಾಲಿ ಬಿಡಿಸೀನಿ. ನಮ್ ತಲಿಗೆ ಅದು ಹತ್ತಂಗಿಲ್ಲ, ನೀವ ಹೇಳಿದ್ರಲ್ಲ.”

ಹಾಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ತಲೆಯ ಮೇಲೆ ಕೈಯಿಟ್ಟು, “ಒಳ್ಳೆದಾಗಲಿ,” ಎಂದೆ.